ಉಪ್ಪಕ್ಕನ ಐದನೆಯ ತಟ್ಟೆ

ಬೆಳಕು ಹರಿಯುವ ಹೊತ್ತು. ಬೀಜ ಪರೀಕ್ಷಾ ಕೇಂದ್ರದ ಹಿಂಬದಿಯ ಕೋಣೆಯಲ್ಲಿ ಉಪ್ಪಕ್ಕ ತೋಳು ಮಡಚಿಕೊಂಡು ತಟ್ಟೆಗಳ ಮುಂದೆ ನಿಂತಿದ್ದಾರೆ. ಒದ್ದೆ ಕಾಗದದ ಮೇಲೆ ಭತ್ತದ ಕಾಳುಗಳು ಸಾಲಾಗಿ ಮಲಗಿವೆ. ಮೊದಲ ತಟ್ಟೆಗೆ ಸಿಹಿನೀರು. ಮುಂದಿನ ಮೂರಕ್ಕೆ ಒಂದಕ್ಕಿಂತ ಒಂದು ಹೆಚ್ಚು ಉಪ್ಪಿನ ನೀರು. ಸಿಹಿನೀರಿನವು ಬೆರಳುದ್ದ ಬೆಳೆದಿವೆ. ನಾಲ್ಕನೆಯದರ ಕಾಳು ಕಣ್ಣೇ ಬಿಟ್ಟಿಲ್ಲ.

ಗಂಡ ತೀರಿಕೊಂಡ ವರ್ಷ ಅವರು ಇಲ್ಲಿಗೆ ನೆಲ ಒರೆಸಲು ಬಂದವರು. ಉಪ್ಪು ತೂಗಿ ನೀರಿಗೆ ಬೆರೆಸುವ ಕೆಲಸ ಆಮೇಲೆ ಕೈಗೆ ಬಂತು, ಅದರ ಜೊತೆಗೆ ಈ ಹೆಸರೂ. "ಅಡುಗೆಗೆ ಉಪ್ಪು ಹಾಕೋದು ಮರೀತಾಳೆ, ಬೀಜಕ್ಕೆ ಮಾತ್ರ ತೂಗಿ ತೂಗಿ ಹಾಕ್ತಾಳೆ" ಎಂದು ತಂಗಿ ಆಡಿಕೊಳ್ಳುವುದುಂಟು.

ಮೊದಮೊದಲು ಒಂದು ಎಡವಟ್ಟಾಗಿತ್ತು. ಉಪ್ಪುನೀರಿನ ಕಾಳುಗಳನ್ನು ನೋಡಿ ಉಪ್ಪಕ್ಕನಿಗೆ ಅಯ್ಯೋ ಅನಿಸಿತು. ಯಾರೂ ಇಲ್ಲದಾಗ ಅವನ್ನು ತೊಳೆದು ಸಿಹಿನೀರು ಹಾಕಿಬಿಟ್ಟರು. ಸತ್ತವೆಂದುಕೊಂಡಿದ್ದ ಕಾಳುಗಳಲ್ಲಿ ಹಲವು ಮೊಳೆತವು. ಪರೀಕ್ಷೆ ಕೆಟ್ಟಿತು.

"ಇಲ್ಲಿನ ದೊಡ್ಡ ಮೇಡಂ ಚೆನ್ನಾಗಿ ಬೈದ್ರು," ಎನ್ನುತ್ತಾರೆ ಉಪ್ಪಕ್ಕ. " ಆಮೇಲೆ ನಕ್ಕು, 'ಇನ್ಮೇಲೆ ಐದನೇ ತಟ್ಟೆ ಇಡು, ಅದಕ್ಕೆ ಕದ್ದಲ್ಲ, ಹೇಳಿಯೇ ನೀರು ಹಾಕು' ಅಂದ್ರು. ಉಪ್ಪಿದ್ರೆ ಕಾಳಿಗೆ ನೀರು ಎಳ್ಕೊಳ್ಳೋಕೇ ಆಗಲ್ವಂತೆ. ನೀರಲ್ಲೇ ಕೂತು ಬಾಯಾರಿಕೆ, ಪಾಪ!"

ಇಂದು ಆ ಐದನೆಯ ತಟ್ಟೆಯಲ್ಲಿರುವುದು ತಂಗಿಯ ಹೊಲದ ಮಣ್ಣು. ಕಳೆದ ಬಿರುಗಾಳಿಗೆ ಕಡಲು ಬದು ದಾಟಿ ಅಲ್ಲಿಗೆ ನುಗ್ಗಿತ್ತು. ಆಮೇಲೆ ಬಿತ್ತಿದ್ದೆಲ್ಲ ಕಮರಿತು. ತಟ್ಟೆಯಲ್ಲೂ ಏನೂ ಹುಟ್ಟದಿದ್ದರೆ ಹೊಲವನ್ನು ಸೀಗಡಿ ಸಾಕುವ ಕೊಳದವರಿಗೆ ಕೊಟ್ಟುಬಿಡುತ್ತೇನೆಂದು ತಂಗಿ ಹೇಳಿದ್ದಾಳೆ. ಉಪ್ಪಕ್ಕ ಆ ಮಣ್ಣಿಗೆ ಮಳೆನೀರು ತುಂಬಿ, ಬಸಿದು, ಮತ್ತೆ ತುಂಬಿ, ಮತ್ತೆ ಬಸಿದು ಕಾಳು ಊರಿದ್ದಾರೆ.

ದೇವರನ್ನು ನೆನೆದು ಮುಚ್ಚಳ ತೆಗೆಯುತ್ತಾರೆ. ಸೂಜಿಮೊನೆಯಂಥ ಹಸಿರು, ಒಂದು ಕಾಳು ಬಿಟ್ಟು ಒಂದರಲ್ಲಿ. ಕೈಯನ್ನೂ ಒರೆಸಿಕೊಳ್ಳದೆ ತಂಗಿಗೆ ಫೋನು ಮಾಡುತ್ತಾರೆ.

"ಹೊಲ ಕೊಡಬೇಡ ಕಣೇ. ಮೊಳಕೆ ಬಂದಿದೆ."

"ಎಷ್ಟು ಬಂದಿದೆ?"

"ಅರ್ಧಕ್ಕರ್ಧ."

"ಅಷ್ಟೇನಾ ಅಕ್ಕಾ?"

"ಕಡಲು ಕುಡಿದ ಮಣ್ಣು ಕಣೇ ಅದು! ಮಳೆನೀರು ನಿಲ್ಸಿ ಬಸಿಯೋಣ. ಗುದ್ದಲಿ ಹಿಡಿಯೋಕೆ ನಾನೂ ಬರ್ತೀನಿ."

ಆಚೆ ಕಡೆ ತಂಗಿ ಮೂಗೇರಿಸುವ ಸದ್ದು. ಆಮೇಲೆ, "ಸರಿ, ಆ ಕೊಳದವರಿಗೆ ಇಲ್ಲ ಅಂತೀನಿ."

ನಿಮಗೇನು ಬೇಕು ಎಂದು ಕೇಳಿದರೆ ಉಪ್ಪಕ್ಕ ನಗುತ್ತಾರೆ. "ನಂಗೇನು? ಆ ಹೊಲದ ಒಂದು ತುತ್ತು ಅನ್ನ ಸಾಕು. ಅವತ್ತು ಅಡುಗೆ ನಾನೇ ಮಾಡ್ತೀನಿ. ಉಪ್ಪು ಮಾತ್ರ ತಂಗೀನೇ ಹಾಕ್ಲಿ."