ಮೂರನೆಯ ಸೂಜಿ

ಈಳಿಗೆಮಣೆಗೆ ಸಾಣೆ ಹಿಡಿಯುವುದನ್ನು ನೀವು ಕಂಡಿರುತ್ತೀರಿ. ಇಂಜೆಕ್ಷನ್ ಸೂಜಿಗೆ ಸಾಣೆ ಹಿಡಿಯುವುದನ್ನು ಬಹುಶಃ ಕಂಡಿರಲಾರಿರಿ. ಚಿನ್ನದ ಗಣಿಯ ಚಾಂಪಿಯನ್ ರೀಫ್ಸ್ ಕಡೆ, ನಾನು ಕಿರಿಯ ನರ್ಸಾಗಿದ್ದ ನಮ್ಮ ಸಣ್ಣ ಆಸ್ಪತ್ರೆಯಲ್ಲಿ ಎಂಬತ್ತರ ದಶಕದಲ್ಲೂ ಒಂದೇ ಸೂಜಿ ಕುದಿಕುದಿದು ಹಲವರ ತೋಳಿಗೆ ಇಳಿಯುತ್ತಿತ್ತು. ಅದು ಮೊಂಡಾದಾಗ ಹಿರಿಯ ನರ್ಸ್ ರಾಜಮ್ಮಕ್ಕ ಅಂಗೈಯಗಲದ ಕಲ್ಲಿನ ಮೇಲೆ ಉಜ್ಜಿ, ಮೊನೆ ಸರಿಹೋಯಿತೇ ಎಂದು ತಮ್ಮ ಹೆಬ್ಬೆರಳಿಗೆ ತಾಗಿಸಿ ನೋಡುತ್ತಿದ್ದರು. ರೋಗಿಗೆ ನೋಯಬಾರದೆಂಬ ಕಕ್ಕುಲಾತಿ. ಕುದಿಸುವುದು ಸಾಣೆಯಾದ ಮೇಲೆ; ಅಲ್ಲಿಯವರೆಗೆ ಅದು ಬರೀ ನೀರಲ್ಲಿ ತೊಳೆದ ಸೂಜಿ. ಬೆರಳಲ್ಲಿ ರಕ್ತ ಮೂಡಿದರೆ ಹತ್ತಿಗೆ ಒರೆಸಿಕೊಂಡು ಮುಂದಿನ ಸೂಜಿ ಎತ್ತಿಕೊಳ್ಳುತ್ತಿದ್ದರು.

ಗಣಿಯೂರಿನಲ್ಲಿ ಭಯವೆಂಬುದು ನೆಲದಡಿಯಲ್ಲಿತ್ತು. ಧೂಳಿಗೆ, ಕುಸಿಯುವ ಬಂಡೆಗೆ ಹೆದರಿ ಹೆದರಿ ದಣಿದ ನಮಗೆ ಹೆಬ್ಬೆರಳಿನ ಹನಿಗೂ ಹೆದರಬೇಕೆಂದು ಯಾರೂ ಹೇಳಿರಲಿಲ್ಲ. ಇನ್ನೊಬ್ಬರ ನೋವನ್ನು ತಾನು ಮೊದಲು ಉಂಡು ನೋಡುವ ಒಳ್ಳೆಯತನವೂ ಮನುಷ್ಯನನ್ನು ಕೊಲ್ಲಬಲ್ಲದೆಂಬುದು ನನಗೆ ಇಂದಿಗೂ ಅರಗದ ಮಾತು.

ತೊಂಬತ್ತರ ದಶಕದಲ್ಲಿ, ರಕ್ತದಿಂದ ಅಂಟಿ ಯಕೃತ್ತು ಕೆಡಿಸುವ ಹೆಪಟೈಟಿಸ್ ಬಿ ರೋಗಕ್ಕೆ ಲಸಿಕೆ ಬಂತು, ಬಂಗಾರಪೇಟೆಯವರೆಗೆ ರೈಲಿನಲ್ಲಿ, ಐಸು ತುಂಬಿದ ಫ್ಲಾಸ್ಕಿನೊಳಗೆ. ಚುಚ್ಚುವ ಮೊದಲು ನರ್ಸುಗಳೆಲ್ಲರ ರಕ್ತ ಪರೀಕ್ಷೆಯಾಯಿತು. ರಾಜಮ್ಮಕ್ಕನ ರಕ್ತದಲ್ಲಿ ಆ ರೋಗ ಆಗಲೇ ಬೇರೂರಿತ್ತು. ಲಸಿಕೆಯಿಂದ ಅವರಿಗೆ ಪ್ರಯೋಜನವಿಲ್ಲವೆಂದರು ಡಾಕ್ಟರು. ರಾಜಮ್ಮಕ್ಕ ಸಿರಿಂಜು ಕೈಗೆತ್ತಿಕೊಂಡು, ಎರಡು ತಂಡ ಮಾಡಿ, ನಮಗೆಲ್ಲ ತಾವೇ ಚುಚ್ಚಿದರು. ನನಗೆ ಆ ದಿನ ದೇವರ ಮೇಲೂ ಸಿಟ್ಟು ಬಂದಿತ್ತು.

ಕೆಲವೇ ತಿಂಗಳಲ್ಲಿ ಅವರ ಹೊಟ್ಟೆ ಊದಿತು, ಕಣ್ಣು ಅರಿಸಿನವಾಯಿತು, ನಮ್ಮ ವಾರ್ಡಿನಲ್ಲೇ ಮಲಗಿದರು. ಲಸಿಕೆಗೆ ತಿಂಗಳುಗಳ ಅಂತರದಲ್ಲಿ ಮೂರು ಸೂಜಿ. ಎರಡನೆಯ ತಂಡದಲ್ಲಿದ್ದ ನನಗೆ ಕೊನೆಯದು ಬಾಕಿಯಿತ್ತು. ನಾನು ಬೆವರು ಒರೆಸಲು ಹೋದರೆ ರಾಜಮ್ಮಕ್ಕ ಕೈಯನ್ನು ಕಂಬಳಿಯೊಳಗೆ ಎಳೆದುಕೊಂಡರು.

"ನೀನ್ ಬ್ಯಾಡ ಕಣಮ್ಮಿ. ನಿಂಗಿನ್ನೂ ಮೂರ್ನೇದು ಆಗಿಲ್ಲ. ಅದಾದ್ಮೇಲೆ ಬರುವಂತೆ, ಓಗು."

"ಮುಟ್ಟಿದ್ರೆ ಅಂಟಲ್ಲ ಅಂತ ಡಾಕ್ಟ್ರೇ ಹೇಳವ್ರಲ್ಲಕ್ಕಾ."

"ಕುದಿಸಿದ್ರೆ ಸಾಕು ಅಂತಾನೂ ಅವ್ರೇ ಏಳಿದ್ದು."

ನಾನು ಒರೆಸುವ ಬಟ್ಟೆ ಮಡಚಿಟ್ಟು ಹಿಂದೆ ಸರಿದೆ. ಮೂರೂ ಸೂಜಿ ಮುಗಿದಿದ್ದ ಮೊದಲ ತಂಡದವರು ಅವರಿಗೆ ನೀರು ಕುಡಿಸಿದರು, ತಲೆ ಬಾಚಿದರು, ಮಗ್ಗುಲು ಬದಲಿಸಿದರು. ರಾಜಮ್ಮಕ್ಕನ ಮಾತು ಮೀರಿ ಅಭ್ಯಾಸವಿಲ್ಲದ ನಾನು ಬಾಗಿಲ ಬಳಿ ನಿಂತು ನೋಡುತ್ತಿದ್ದೆ. ನೋಡುವುದೂ ಒಂದು ಶುಶ್ರೂಷೆಯೇ ಎಂದು ಎಷ್ಟು ಸಮಾಧಾನ ಹೇಳಿಕೊಂಡರೂ ಕೈಗಳು ಕೇಳುತ್ತಿರಲಿಲ್ಲ.

ಅವರು ತೀರಿಹೋದ ಮರುವಾರ ನನ್ನ ಮೂರನೆಯ ಸೂಜಿಯ ಸರದಿ ಬಂತು. ತೋಳು ಚಾಚಿದೆ, ಯಾರೋ ಚುಚ್ಚಿದರು. ಇನ್ನು ನಾನು ರಾಜಮ್ಮಕ್ಕನನ್ನು ಮುಟ್ಟಬಹುದಿತ್ತು.