ರೈಲು ಹತ್ತಿದ ರಸಬಾಳೆ

ನಾನು ಚಿಕ್ಕವನಿದ್ದಾಗ ನಮ್ಮ ತೋಟದ ಬಾಳೆಗೊನೆಯೊಂದು ನಮ್ಮ ಜೊತೆ ರೈಲು ಹತ್ತಿ ಮೈಸೂರಿಗೆ ಹೋಗಿತ್ತು, ಮಕ್ಕಳೇ. ಅಲ್ಲಿನ ದೊಡ್ಡ ಹೂದೋಟದಲ್ಲಿ ಫಲಪುಷ್ಪ ಪ್ರದರ್ಶನ. ಆ ತೋಟದೊಳಗೇ ಇದ್ದ ಚಿತ್ರಶಾಲೆಯಲ್ಲಿ ಅದೇ ದಿನ ಮಕ್ಕಳಿಗೆ ಚಿತ್ರ ಬರೆಯುವ ಸ್ಪರ್ಧೆ. ನಮ್ಮೂರು ಹದಿನಾರು ಗ್ರಾಮದಲ್ಲಿ ರಸಬಾಳೆ ಬೆಳೆಯುತ್ತಿದ್ದ ಅಪ್ಪನಿಗೆ ಗೊನೆಯ ಮೇಲೆ ಆಸೆ, ಅಕ್ಕನಿಗೆ ಬಣ್ಣದ ಮೇಲೆ. ನನಗೆ ರೈಲೊಂದಿದ್ದರೆ ಸಾಕಿತ್ತು.

ಅಪ್ಪ ಆ ಗೊನೆಯನ್ನು ಹುಲ್ಲಿನಲ್ಲಿ ಮುಚ್ಚಿಟ್ಟು ಹಣ್ಣು ಮಾಡಿದ್ದ. ಬೆಳಿಗ್ಗೆ ಹುಲ್ಲು ಸರಿಸಿದಾಗ ಮನೆಯೆಲ್ಲ ಘಮ್ಮೆಂದಿತು. ನಂಜನಗೂಡಿನಲ್ಲಿ ರೈಲು ಹತ್ತಿ, ಗೊನೆಯನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಕೂತ. ಎಂಜಿನ್ನಿನ ಹೊಗೆಯನ್ನೂ ಮೀರಿ ಪರಿಮಳ ಹಬ್ಬಿತು. ಡಬ್ಬಿಯಲ್ಲಿದ್ದವರೆಲ್ಲ ಮೂಗರಳಿಸಿ ನಮ್ಮ ಕಡೆ ತಿರುಗಿದರು.

“ಒಂದ್ ಅಣ್ಣು ಕೊಡಪ್ಪ, ಬಾಯಲ್ ನೀರ್ ಬತ್ತಾ ಅದೆ,” ಎಂದಳು ಎದುರು ಕೂತಿದ್ದ ಅಜ್ಜಿ.

“ಇವತ್ತೊಂದಿನ ಬ್ಯಾಡ ಕಣವ್ವ, ಪ್ರದರ್ಶನಕ್ಕೆ ಓಯ್ತಾ ಅದೆ,” ಎಂದು ಅಪ್ಪ ಗೊನೆಯನ್ನು ಇನ್ನಷ್ಟು ತಬ್ಬಿಕೊಂಡ.

ಹೂದೋಟ ನೋಡಿ ನನಗೆ ಎತ್ತ ಓಡಬೇಕೋ ತಿಳಿಯಲಿಲ್ಲ. ನನ್ನ ಮುಖಕ್ಕಿಂತ ದೊಡ್ಡ ಡೇಲಿಯಾ ಹೂಗಳು, ನೀರು ಚಿಮುಕಿಸಿದ ಮಣ್ಣಿನ ವಾಸನೆ, ಬ್ಯಾಂಡಿನವರ ತುತ್ತೂರಿ! ಅಕ್ಕ ಬಣ್ಣದ ಡಬ್ಬಿ ಹಿಡಿದು ಚಿತ್ರಶಾಲೆಗೆ ಓಡಿದಳು. ಅಪ್ಪ ಗೊನೆಯನ್ನು ಮೇಜಿನ ಮೇಲೆ ನಿಲ್ಲಿಸಿ, ಟವಲಿನಿಂದ ಒರೆಸಿ, ಪಕ್ಕದಲ್ಲಿ ನೆಟ್ಟಗೆ ನಿಂತ.

ತೀರ್ಪುಗಾರರು ಮಾತ್ರ ಹೂಗಳನ್ನು ಬಿಟ್ಟು ಬರಲೇ ಇಲ್ಲ. ತಗಡಿನ ಚಪ್ಪರದ ಕೆಳಗೆ ಝಳ ಏರಿತು. ಟಪ್ಪೆಂದು ಒಂದು ಹಣ್ಣು ಉದುರಿತು. ಹಿಂದೆಯೇ ಇನ್ನೊಂದು. ರಸಬಾಳೆ ಮಾಗಿದರೆ ಗೊನೆಯಲ್ಲಿ ನಿಲ್ಲುವುದೇ ಇಲ್ಲ. ನಾನು ಅಂಗೈ ಒಡ್ಡಿ ನಿಂತೆ, ಆದರೆ ಎಷ್ಟೆಂದು ಹಿಡಿಯಲಿ? ಅವರು ಬರುವಷ್ಟರಲ್ಲಿ ದಿಂಡೇ ಎದ್ದು ಕಾಣುತ್ತಿತ್ತು. ಒಮ್ಮೆ ನೋಡಿ, ಮುಂದಿನ ಮೇಜಿಗೆ ಹೋಗಿಬಿಟ್ಟರು.

ಅಪ್ಪ ಉದುರಿದ ಹಣ್ಣುಗಳನ್ನೆಲ್ಲ ಟವಲಿಗೆ ಆಯ್ದುಕೊಂಡ. ಆಮೇಲೆ, ಆಸೆಗಣ್ಣಿನಿಂದ ನೋಡುತ್ತಿದ್ದ ಪಟ್ಟಣದ ಮಕ್ಕಳನ್ನು ಕರೆದ. “ಬನ್ರಪ್ಪ, ತಿನ್ರಿ. ನೋಡಕ್ಕಿಂತ ತಿನ್ನಕ್ಕೇ ಚೆಂದ ಇದು!” ಮಕ್ಕಳು ಜೇನುಹುಳುಗಳಂತೆ ಮುತ್ತಿಕೊಂಡರು. ನಾನೂ ಎರಡು ಕೈಯಲ್ಲೂ ತಿಂದೆ.

ಅಷ್ಟರಲ್ಲಿ ಅಕ್ಕ ಏದುಸಿರು ಬಿಡುತ್ತ ಬಂದಳು. “ಅಪ್ಪಾ, ಬಿರ್ರನೆ ಬಾ! ನೀನು ಗೋಡೆ ಮ್ಯಾಲೆ ಇದ್ದೀಯ!”

ಚಿತ್ರಶಾಲೆಯೊಳಗೆ ತಂಪು. ಚಿನ್ನದ ಬಣ್ಣದ ಚೌಕಟ್ಟುಗಳಲ್ಲಿ ರಾಜರಾಣಿಯರು. ಅವರ ಎದುರಿನ ಗೋಡೆಗೆ, ಆರಿಸಿದ ಮಕ್ಕಳ ಚಿತ್ರಗಳನ್ನು ಅಂಟಿಸಿದ್ದರು. ಒಂದರಲ್ಲಿ ರೈಲಿನ ಡಬ್ಬಿ, ಮೂಗೆತ್ತಿದ ಜನ, ನಡುವೆ ಹಳದಿ ಗೊನೆಯನ್ನು ತಬ್ಬಿಕೊಂಡು ಕೂತ ನಮ್ಮಪ್ಪ! ಒಂದು ಹಣ್ಣೂ ಉದುರಿರಲಿಲ್ಲ.

ಅಪ್ಪ ಹತ್ತಿರ ಹೋದ, ಹಿಂದೆ ಸರಿದ, ಮತ್ತೆ ಹತ್ತಿರ ಹೋದ. “ಲೇ ಮಗಾ, ನನ್ ಮೀಸೆ ಇಷ್ಟ್ ದಪ್ಪ ಅದಾ?”

“ಇನ್ನೂ ದಪ್ಪ ಅದೆ. ಕಾಗ್ದ ಸಾಲ್ನಿಲ್ಲ,” ಎಂದಳು ಅಕ್ಕ.

ಅಪ್ಪ ನಕ್ಕ ನಗುವಿಗೆ ಆ ದೊಡ್ಡ ಕೋಣೆಯೇ ಗಲ್ಲೆಂದಿತು. ಕಾವಲುಗಾರನೂ ಗದರುವುದನ್ನು ಮರೆತು ನಕ್ಕ.

ನಿಮ್ಮ ಫೋನಿನಲ್ಲಿ ನನ್ನ ಫೋಟೊಗಳು ಎಷ್ಟಿವೆಯೋ ನಿಮಗೇ ಗೊತ್ತಿಲ್ಲ; ನಾನು ಬಾಯಿ ತೆರೆದು ನಿದ್ದೆ ಹೊಡೆಯುವುದನ್ನೂ ಬಿಟ್ಟಿಲ್ಲ, ತುಂಟರಾ! ಅಪ್ಪನದು ಅಂತ ಆಗ ನಮ್ಮಲ್ಲಿ ಇದ್ದದ್ದು ಅದೊಂದೇ ಚಿತ್ರ. ಪ್ರದರ್ಶನ ಮುಗಿದ ಮೇಲೆ ಅದನ್ನು ತಂದು ನಡುಮನೆಯಲ್ಲಿ ಹಾಕಿದೆವು. ನೋಡಬೇಕೆಂದು ಬಂದ ಊರಿನವರು, ಗುಡಿಗೆ ಬಂದವರಂತೆ, ಹೊಸ್ತಿಲ ಹೊರಗೆ ಕಾಲು ತೊಳೆದುಕೊಂಡೇ ಒಳಗೆ ಬರುತ್ತಿದ್ದರು.