ದೊಡ್ಡಪ್ಪನ ಮನೆಯ ಪಾದಪೂಜೆ

ಓದುಗರಲ್ಲಿ ನಿವೇದಿಸಿಕೊಳ್ಳುವುದೇನೆಂದರೆ, ಕಚೇರಿಗಳಿಗೆ ಅರ್ಜಿ ಬರೆದುದನ್ನು ಬಿಟ್ಟರೆ ನನಗೆ ಬರೆದು ಅಭ್ಯಾಸವಿಲ್ಲ. ಬರವಣಿಗೆಯಲ್ಲಿ ತಪ್ಪಿದ್ದಲ್ಲಿ ಮನ್ನಿಸಬೇಕಾಗಿ ಕೋರುತ್ತೇನೆ. ಆದರೆ ಈ ಕೆಳಗಿನ ಸಂಗತಿಯಲ್ಲಿ ನನ್ನದು ತಪ್ಪೆಂದು ಒಪ್ಪಲಾರೆ.

ತಂದೆ ತೀರಿಕೊಂಡ ವರ್ಷ, ಜಾವಗಲ್ ಸಮೀಪದ ನಮ್ಮ ಕೂಡುಮನೆಯಲ್ಲಿ, ಹಬ್ಬದ ಪಂಕ್ತಿಯಲ್ಲಿ ಉಣ್ಣುತ್ತಿದ್ದ ನನ್ನ ತಮ್ಮನನ್ನು ದೊಡ್ಡಪ್ಪ ತೋಳು ಹಿಡಿದು ಎಬ್ಬಿಸಿದರು. ಅವನು ಇನ್ನೊಂದು ಒಬ್ಬಟ್ಟು ಕೇಳಿದ್ದೇ ಕಾರಣ.

"ಏಳ್ಲಾ. ಮಠದಾಗೆ ಬಿಟ್ಟಿ ಅನ್ನ ಐತೆ, ಅಲ್ಲೇ ಉಣ್ಣುವಂತೆ."

ಮರುದಿನವೇ ಬೇಲೂರು ಕಡೆಯ ಮಠವೊಂದಕ್ಕೆ ಬಸ್ಸಿನಲ್ಲಿ ಕರೆದೊಯ್ದು ಬಿಟ್ಟುಬಂದರು. ಪಂಕ್ತಿಯಲ್ಲಿ ಅರ್ಧಕ್ಕೇ ಉಳಿದ ಅವನ ಎಲೆಯನ್ನು ಅಂದು ತಾಯಿಯ ಕೈಯಲ್ಲಿ ಎತ್ತಲಾಗಲಿಲ್ಲ, ನಾನು ಎತ್ತಿದೆ.

ಅದೇ ತಮ್ಮ ಕಳೆದ ವರ್ಷ ಪಟ್ಟಾಧಿಕಾರ ಹೊಂದಿ ಸದರಿ ಮಠದ ಸ್ವಾಮಿಗಳಾದರು. ದೀಕ್ಷೆಯಾದ ಮೇಲೆ ಹಿಂದಿನ ಸಂಬಂಧಗಳು ಇರತಕ್ಕದ್ದಲ್ಲ. ಹೆತ್ತವಳೂ ಪಾದಕ್ಕೆ ನಮಸ್ಕರಿಸಬೇಕು. ಪಟ್ಟಾಧಿಕಾರದ ದಿನ ಮಠದಲ್ಲಿ ತಾಯಿ ನಮಸ್ಕರಿಸಿ ಅತ್ತರು. ದೊಡ್ಡಪ್ಪ ಚಪ್ಪರದ ಕೆಳಗೆ ಕುರ್ಚಿ ಎಳೆದುಕೊಂಡು, "ಮಠಕ್ಕೆ ಕೊಟ್ಟೋನು ನಾನೇ ಕಣ್ರೀ. ಹುಡುಗನ ಲಕ್ಷಣ ಆಗ್ಲೇ ಕಂಡಿದ್ದೆ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು.

ನಾನು ಅಲ್ಲಿಯೇ ತೀರ್ಮಾನಿಸಿದೆ. ಸ್ವಾಮಿಗಳು ನಮ್ಮೂರಿಗೆ ದಯಮಾಡಿಸಿದಾಗ ಮೊದಲ ಪಾದಪೂಜೆ ಈಗ ದೊಡ್ಡಪ್ಪನ ಪಾಲಿಗೆ ಬಂದಿರುವ ಆ ಕೂಡುಮನೆಯಲ್ಲಿಯೇ ಆಗಬೇಕೆಂದು ಊರ ಹಿರಿಯರಲ್ಲಿ ವಿನಂತಿಸಿಕೊಂಡೆ. ಗೌರವವೆಂದು ದೊಡ್ಡಪ್ಪ ಹಿಗ್ಗಿದರು. ಮನೆಯ ಯಜಮಾನ ಎಲ್ಲರೆದುರು ಮೊಣಕಾಲೂರಿ ಪಾದ ತೊಳೆದು ಅದಕ್ಕೆ ಹಣೆ ಹಚ್ಚಬೇಕೆಂಬ ಪದ್ಧತಿ ಅವರಿಗೆ ನೆನಪಾದದ್ದು ಆ ದಿನ ಬೆಳಿಗ್ಗೆ.

"ಸೊಂಟ ಹಿಡ್ಕೊಂಡೈತೆ. ನನ್ ಮಗ ಮಾಡ್ತಾನೆ ಬಿಡವ್ವ."

"ಮಠಕ್ಕೆ ಕೊಟ್ಟೋರು ನೀವಲ್ವ ದೊಡ್ಡಪ್ಪ? ನೀವೇ ಮಾಡಿದ್ರೆ ಚೆಂದ" ಎಂದೆ. ಹಿರಿಯರು ತಲೆದೂಗಿದರು.

ಸ್ವಾಮಿಗಳ ಮಣೆಯನ್ನು ನಾನೇ ಹಾಕಿದ್ದೆ, ಅಂದು ತಮ್ಮನನ್ನು ಎಬ್ಬಿಸಿದ ಜಾಗದಲ್ಲಿ. ದೊಡ್ಡಪ್ಪ ಕಂಬ ಹಿಡಿದು ಬಗ್ಗತೊಡಗಿದರು. ನಾನು ಮುಂದಕ್ಕೆ ಸರಿದು ನಿಂತೆ. ಆಗ ಸ್ವಾಮಿಗಳು, "ಬಗ್ಗಬೇಡಿ. ನಿಂತೇ ನೀರು ಬಿಡಿ, ಸಾಕು" ಎಂದು ಪಾದವನ್ನು ತಾವೇ ಮುಂದಕ್ಕೆ ಚಾಚಿದರು.

ಅಷ್ಟು ವರ್ಷ ನಾನು ಕಾದದ್ದು ಒಂದು ತಂಬಿಗೆ ನೀರಿನಲ್ಲಿ ಹರಿದುಹೋಯಿತು.

ಜನ ಊಟಕ್ಕೆ ಎದ್ದ ಮೇಲೆ ಹತ್ತಿರ ಹೋಗಿ ಕೇಳಿದೆ. "ಬುದ್ಧಿ, ಆ ಒಬ್ಬಟ್ಟು ನೆನಪಿಲ್ವಾ?"

"ಆ ಹುಡುಗ ಈಗ ಇಲ್ಲ, ತಾಯಿ."

ಬಂದ ಹೆಂಗಸರನ್ನೆಲ್ಲ ಕರೆಯುವಂತೆ ಅಕ್ಕನಾದ ನನ್ನನ್ನೂ ತಾಯಿ ಎಂದೇ ಕರೆದರು. ದೀಕ್ಷೆ ಎಂದರೆ ಕಾವಿ ಬಟ್ಟೆಯಲ್ಲವೆಂದು ಆಗ ಮನವರಿಕೆಯಾಯಿತು. ಹಸಿದಿದ್ದವನೇ ಇಲ್ಲವೆಂದ ಮೇಲೆ ಅವನ ಹಗೆಯನ್ನು ಇಟ್ಟುಕೊಳ್ಳಲು ಉಳಿದವಳು ನಾನೊಬ್ಬಳೇ.

ಪಂಕ್ತಿಯಲ್ಲಿ ದೊಡ್ಡಪ್ಪ ನಿರಾಳವಾಗಿ ಕುಳಿತಿದ್ದರು. ಬಡಿಸುತ್ತಿದ್ದವಳು ನಾನು.

"ಇನ್ನೊಂದು ಒಬ್ಬಟ್ಟು ಹಾಕವ್ವ" ಎಂದು ಎಲೆ ತೋರಿಸಿದರು.

ತಟ್ಟೆಯನ್ನು ಅವರ ಎಲೆ ದಾಟಿಸಿ ಪಕ್ಕದವರಿಗೆ ಬಡಿಸಿದೆ.

"ದೀಕ್ಷೆ ತಗೊಂಡಿರೋರು ಅವರು, ದೊಡ್ಡಪ್ಪ. ನಾನಲ್ಲ."